ಯುದ್ಧ ಮುಗಿದ ಮೇಲಿನ ಅಮೆರಿಕ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, "ನೀನು ಅಮೆರಿಕಕ್ಕೆ ಹೋಗಿ ಬಂದವನು, ನೀನು ಕಂಡ ಅಮೆರಿಕದ ಬಗ್ಗೆ ಅರ್ಧ ಗಂಟೆ ಮಾತಾಡಪ್ಪ" ಎಂದರು. ನಾನು ಅಲ್ಲಿದ್ದದ್ದು ಹದಿನಾಲ್ಕು ತಿಂಗಳು, ಕಂಪನಿಯ ಕೆಲಸದ ಮೇಲೆ, ವರ್ಜಿನಿಯಾ ರಾಜ್ಯದ ರಿಚ್ಮಂಡ್ ನಗರದಲ್ಲಿ. ಕಂಡದ್ದು ಬಹುಪಾಲು ಆಫೀಸು, ಅಪಾರ್ಟ್‌ಮೆಂಟು, ಎರಡರ ನಡುವಿನ ರಸ್ತೆ. ಅಷ್ಟನ್ನು ನೀವು ಮೊಬೈಲಿನಲ್ಲಿ ನನಗಿಂತ ಚೆನ್ನಾಗಿ ನೋಡಿರುತ್ತೀರಿ. ಹಾಗಾಗಿ ನಾನು ಕಾಣದ ಒಂದು ಅಮೆರಿಕದ ಬಗ್ಗೆ ಹೇಳುತ್ತೇನೆ. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ 1960ರವರೆಗೆ ಆ ದೇಶದಲ್ಲಿ ಏನಾಯಿತು ಎಂಬುದು. ಹುಲ್ಲುಹಾಸಿನ ಮನೆ, ಮನೆ ಮುಂದೆ ಕಾರು, ಒಳಗೆ ಫ್ರಿಜ್ಜು ಮತ್ತು ಟಿವಿ, ಅಮೆರಿಕ ಎಂದರೆ ನಮ್ಮ ಕಣ್ಣಿಗೆ ಬರುವ ಈ ಚಿತ್ರ ಬಹುಮಟ್ಟಿಗೆ ಆ ಹದಿನೈದು ವರ್ಷಗಳಲ್ಲಿ ಬರೆದದ್ದು.

ಯುದ್ಧದಲ್ಲಿ ಅಮೆರಿಕದ ನಾಲ್ಕು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಆದರೆ ಅದರ ಕಾರ್ಖಾನೆಗಳ ಮೇಲೆ ಬಾಂಬು ಬೀಳಲಿಲ್ಲ. ಜರ್ಮನಿ, ಜಪಾನ್ ಬೂದಿಯಾಗಿದ್ದವು, ಬ್ರಿಟನ್ ಸಾಲದಲ್ಲಿತ್ತು, ರಷ್ಯಾ ಕೋಟಿಗಟ್ಟಲೆ ಜನರನ್ನು ಕಳೆದುಕೊಂಡಿತ್ತು. ಜಗತ್ತಿನ ಕಾರ್ಖಾನೆಗಳಲ್ಲಿ ತಯಾರಾಗುವ ಸರಕಿನಲ್ಲಿ ಸುಮಾರು ಅರ್ಧದಷ್ಟು ಒಂದೇ ದೇಶದಿಂದ ಬರುತ್ತಿತ್ತು. ಇಷ್ಟಾದರೂ ಅಲ್ಲಿನವರಿಗೆ ಒಂದು ಭಯ ಇತ್ತು. ಯುದ್ಧಕ್ಕೆ ಹೋದ ಒಂದೂವರೆ ಕೋಟಿಗೂ ಹೆಚ್ಚು ಯುವಕರು ಒಟ್ಟಿಗೆ ಮನೆಗೆ ಬಂದರೆ ಕೆಲಸ ಎಲ್ಲಿಂದ ಕೊಡುವುದು? 1930ರ ದಶಕದ ನಿರುದ್ಯೋಗವನ್ನು ಅವರು ಇನ್ನೂ ಮರೆತಿರಲಿಲ್ಲ.

ಆಗ ಸರ್ಕಾರ ಒಂದು ಕಾನೂನು ಮಾಡಿತ್ತು. ಜನ ಅದನ್ನು ಜಿಐ ಬಿಲ್ ಎಂದು ಕರೆಯುತ್ತಾರೆ. 1944ರ ಜೂನ್‌ನಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದರು. ಸೇನೆಯಿಂದ ಬಂದವನು ಕಾಲೇಜಿಗೆ ಹೋಗುವುದಾದರೆ ಫೀಸು, ಪುಸ್ತಕ, ತಿಂಗಳ ಖರ್ಚು ಸರ್ಕಾರದ್ದು. ಮನೆ ಕಟ್ಟುವುದಾದರೆ ಸಾಲಕ್ಕೆ ಸರ್ಕಾರವೇ ಜಾಮೀನು. 1956ರ ಹೊತ್ತಿಗೆ ಸುಮಾರು 78 ಲಕ್ಷ ಜನ ಇದರಲ್ಲಿ ಓದಿದರು ಅಥವಾ ಕಸುಬು ಕಲಿತರು. ಅವರಲ್ಲಿ 22 ಲಕ್ಷ ಜನ ಕಾಲೇಜಿಗೆ ಹೋದವರು. ಗಣಿ ಕಾರ್ಮಿಕನ ಮಗ, ಗೇಣಿದಾರನ ಮಗ ಎಂಜಿನಿಯರ್ ಆದ. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಪಡೆದವರು ಅವರು. ಈ ಸಭೆಯಲ್ಲಿ ಅಂಥವರು ಎಷ್ಟು ಜನ ಇದ್ದೇವೆ ಎಂದು ಕೈ ಎತ್ತಿಸಬೇಕಾಗಿಲ್ಲ, ಸುತ್ತ ನೋಡಿದರೆ ಸಾಕು.

ಆ ಹುಡುಗರು ಮದುವೆಯಾದರು. 1940ರಲ್ಲಿ ಆ ದೇಶದಲ್ಲಿ ವರ್ಷಕ್ಕೆ ಹುಟ್ಟುತ್ತಿದ್ದ ಮಕ್ಕಳು ಸುಮಾರು 26 ಲಕ್ಷ. 1957ರಲ್ಲಿ 43 ಲಕ್ಷ. ಇವರಿಗೆಲ್ಲ ಮನೆ ಬೇಕಲ್ಲ? ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನಲ್ಲಿ ಲೆವಿಟ್ ಎಂಬ ಬಿಲ್ಡರ್ ಕುಟುಂಬ 1947ರಲ್ಲಿ ಆಲೂಗಡ್ಡೆ ಹೊಲಗಳನ್ನು ಕೊಂಡಿತು. ಬೇರಿಗೆ ಹುಳ ಬಿದ್ದು ರೈತರು ಮಾರಲು ತಯಾರಿದ್ದರು. ನಮ್ಮ ಹಾಸನದ ಕಡೆಯವರಿಗೆ ಆಲೂಗಡ್ಡೆ ಬೆಳೆದವನ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಮನೆ ಕಟ್ಟುವ ಕೆಲಸವನ್ನು 27 ಹಂತಗಳಾಗಿ ಒಡೆದರು. ಒಂದು ತಂಡ ತಳಪಾಯ ಹಾಕಿ ಮುಂದಿನ ಸೈಟಿಗೆ ಹೋಗುವುದು, ಹಿಂದೆಯೇ ಗೋಡೆಯವರು, ಅವರ ಹಿಂದೆ ಬಣ್ಣದವರು. ಕಾರು ಕಾರ್ಖಾನೆಯಲ್ಲಿ ಕಾರು ಚಲಿಸುತ್ತದೆ, ಕೆಲಸಗಾರ ನಿಂತಿರುತ್ತಾನೆ. ಇಲ್ಲಿ ಮನೆ ನಿಂತಿತ್ತು, ಕೆಲಸಗಾರರು ಚಲಿಸುತ್ತಿದ್ದರು. ದಿನಕ್ಕೆ ಮೂವತ್ತು ಮನೆ ಏಳುತ್ತಿದ್ದವು. ಒಂದೊಂದೂ ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಏಳೂವರೆ ಚದರ. ನಾಲ್ಕೈದು ವರ್ಷದಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಮನೆಗಳು. ಊರಿಗೆ ಅವರದೇ ಹೆಸರು, ಲೆವಿಟ್‌ಟೌನ್.

ನಗರದ ಹೊರಗೆ ಮನೆ ಆಯಿತು ಎಂದರೆ ಕಾರು ಬೇಕು, ಕಾರಿಗೆ ರಸ್ತೆ ಬೇಕು. ಅಧ್ಯಕ್ಷ ಐಸೆನ್‌ಹೋವರ್ ಸೇನಾಪತಿಯಾಗಿದ್ದವರು. 1919ರಲ್ಲಿ ಸೇನೆಯ ಲಾರಿಗಳ ಜೊತೆ ದೇಶದ ಈ ತುದಿಯಿಂದ ಆ ತುದಿಗೆ ಹೋಗಲು ಅವರಿಗೆ ಎರಡು ತಿಂಗಳು ಹಿಡಿದಿತ್ತು. ಆಮೇಲೆ ಜರ್ಮನಿಯ ಹೆದ್ದಾರಿ ನೋಡಿದರು. 1956ರಲ್ಲಿ 41,000 ಮೈಲಿ ಹೆದ್ದಾರಿಗೆ ಕಾನೂನು ತಂದರು. ಖರ್ಚಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಕೇಂದ್ರ ಸರ್ಕಾರದ್ದು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬೆಂಗಳೂರಿನ ನಮ್ಮ ಆಫೀಸುಗಳಲ್ಲಿ ಊಟದ ಹೊತ್ತಿಗೆ ಒಂದು ಮಾತು ಖಂಡಿತ ಬರುತ್ತದೆ: ಅಮೆರಿಕ ಮುಂದೆ ಬಂದದ್ದು ಸರ್ಕಾರ ದೂರ ನಿಂತದ್ದರಿಂದ, ನಮ್ಮಲ್ಲಿ ಎಲ್ಲಕ್ಕೂ ಸರ್ಕಾರ ಕೈ ಹಾಕಿ ಕೆಡಿಸಿತು ಎಂದು. ಅಮೆರಿಕದ ಅತಿ ಏಳಿಗೆಯ ಕಾಲದ ಲೆಕ್ಕ ತೆಗೆದರೆ ಆ ಮಾತು ನಿಲ್ಲುವುದಿಲ್ಲ. ಓದಿಸಿದ್ದು ಸರ್ಕಾರ, ಮನೆ ಸಾಲಕ್ಕೆ ಜಾಮೀನು ನಿಂತದ್ದು ಸರ್ಕಾರ, ರಸ್ತೆ ಹಾಕಿದ್ದು ಸರ್ಕಾರ. ದೊಡ್ಡ ಶ್ರೀಮಂತರ ಆದಾಯದ ತುದಿಯ ಭಾಗದ ಮೇಲೆ ತೆರಿಗೆ ನೂರಕ್ಕೆ 91. (ಅಷ್ಟನ್ನೂ ಕಟ್ಟಿದವರು ಕಡಿಮೆ, ದಾರಿ ಹುಡುಕಿಕೊಳ್ಳುವ ಲೆಕ್ಕಿಗರು ಆಗಲೂ ಇದ್ದರು.) ಕೆಲಸಗಾರರಲ್ಲಿ ಮೂರರಲ್ಲಿ ಒಬ್ಬರು ಯೂನಿಯನ್ ಸದಸ್ಯರು. ನನ್ನ ಅನ್ನದ ಕಸುಬೂ ಹಾಗೆಯೇ. 1957ರ ಅಕ್ಟೋಬರ್ 4ರಂದು ರಷ್ಯಾ ಸ್ಪುಟ್ನಿಕ್ ಹಾರಿಸಿತು. ಹೆದರಿದ ಅಮೆರಿಕ ಮರುವರ್ಷವೇ ನಾಸಾ ಕಟ್ಟಿತು, ಆರ್ಪಾ ಎಂಬ ಸಂಶೋಧನಾ ಸಂಸ್ಥೆ ಕಟ್ಟಿತು, ಶಾಲಾ ಕಾಲೇಜುಗಳ ವಿಜ್ಞಾನ, ಗಣಿತಕ್ಕೆ ಹಣ ಸುರಿಯಿತು. ಅದೇ 1958ರಲ್ಲಿ ಜಾಕ್ ಕಿಲ್ಬಿ ಎಂಬವರು ಮೊದಲ ಚಿಪ್ ಮಾಡಿ ತೋರಿಸಿದರು. ಆ ದುಬಾರಿ ಚಿಪ್ಪುಗಳ ಮೊದಲ ದೊಡ್ಡ ಗಿರಾಕಿಗಳು ಅಂಗಡಿಯವರಲ್ಲ, ಕ್ಷಿಪಣಿ ಮಾಡುವ ಸೇನೆ ಮತ್ತು ಚಂದ್ರನಿಗೆ ಹೊರಟ ನಾಸಾ. ಇಂಟರ್ನೆಟ್ಟಿನ ಬೀಜ ಬಿತ್ತಿದ್ದು ಆರ್ಪಾದಲ್ಲಿ. ಖಾಸಗಿಯವರ ಜಾಣತನ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ, ಬೇಕಾದಷ್ಟಿತ್ತು. ಆದರೆ ನೆಲ ಉತ್ತು ಕೊಟ್ಟವರು ಯಾರು ಎಂಬುದನ್ನು ಕಥೆಯಿಂದ ಬಿಡಬಾರದು.

ಸಂಸ್ಕೃತಿಯ ಕಡೆ ಬಂದರೆ, ಎಲ್ಲಕ್ಕಿಂತ ಬೇಗ ಹರಡಿದ್ದು ಟೆಲಿವಿಷನ್. 1950ರಲ್ಲಿ ನೂರು ಮನೆಗಳಲ್ಲಿ ಒಂಬತ್ತಕ್ಕೆ ಟಿವಿ ಇತ್ತು. ಹತ್ತು ವರ್ಷದಲ್ಲಿ ಎಂಬತ್ತೈದಕ್ಕೂ ಹೆಚ್ಚು. 1953ರ ಜನವರಿ 19ರಂದು 'ಐ ಲವ್ ಲೂಸಿ' ಎಂಬ ಹಾಸ್ಯ ಧಾರಾವಾಹಿಯಲ್ಲಿ ನಾಯಕಿಗೆ ಮಗು ಹುಟ್ಟಿತು. ನಾಲ್ಕು ಕೋಟಿ ನಲವತ್ತು ಲಕ್ಷ ಜನ ನೋಡಿದರು. ಮರುದಿನ ಐಸೆನ್‌ಹೋವರ್ ಪ್ರಮಾಣವಚನ ತೆಗೆದುಕೊಂಡದ್ದನ್ನು ನೋಡಿದವರು ಅದಕ್ಕಿಂತ ಕಡಿಮೆ. ಧಾರಾವಾಹಿ ಮುಂದೆ ರಾಜಕಾರಣಿ ಸೋಲುವುದು ನಮ್ಮ ಮನೆಗಳಲ್ಲಿ ಶುರುವಾದದ್ದಲ್ಲ. ಟಿವಿ ಮುಂದೆ ಕೂತು ತಿನ್ನಲು ಬಿಸಿ ಮಾಡಿದರೆ ಸಾಕಾದ ತಟ್ಟೆ ಊಟ ಬಂತು. 1955ರಲ್ಲಿ ರೇ ಕ್ರಾಕ್ ಮೆಕ್‌ಡೊನಾಲ್ಡ್ಸ್ ಸರಪಳಿ ಶುರು ಮಾಡಿದರು, ಅದೇ ವರ್ಷ ಡಿಸ್ನಿಲ್ಯಾಂಡ್ ತೆರೆಯಿತು. 1958ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಎಂಬ ಊರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ, ಯಾರೂ ಕೇಳದಿದ್ದರೂ, 60,000 ಕ್ರೆಡಿಟ್ ಕಾರ್ಡುಗಳನ್ನು ಅಂಚೆಯಲ್ಲಿ ಮನೆಮನೆಗೆ ಕಳಿಸಿತು. ಅದೇ ಮುಂದೆ ವೀಸಾ ಆಯಿತು. ನಾನು ಸಂಬಳಕ್ಕೆ ದುಡಿಯುವುದು ಕಾರ್ಡು ಪಾವತಿಯ ಸಾಫ್ಟ್‌ವೇರಿನಲ್ಲಿ. ಹಾಗಾಗಿ ಫ್ರೆಸ್ನೋ ನನಗೆ ಒಂದು ತರಹ ತೀರ್ಥಕ್ಷೇತ್ರ.

ನಮ್ಮ ಹಳ್ಳಿಗಳಿಗೂ ಆ ಸಮೃದ್ಧಿಯ ಒಂದು ತುಣುಕು ಬಂದಿತ್ತು. ಅಲ್ಲಿನ ರೈತರು ಬೆಳೆದ ಗೋಧಿ ಗೋದಾಮಿನಲ್ಲಿ ಹಿಡಿಸಲಾರದಷ್ಟಾಗಿ, 1954ರಲ್ಲಿ ಪಿಎಲ್ 480 ಎಂಬ ಕಾನೂನು ಮಾಡಿದರು. ಹೆಚ್ಚುವರಿ ಧಾನ್ಯವನ್ನು ನಮ್ಮಂಥ ದೇಶಗಳಿಗೆ ರೂಪಾಯಿಯಲ್ಲೇ ಮಾರಿದರು, ಕೆಲವು ಸಲ ಹಾಗೆಯೇ ಕೊಟ್ಟರು. ಯುದ್ಧದಿಂದ ಕಂಗೆಟ್ಟ ಯೂರೋಪಿಗೆ ಊಟದ ಪೊಟ್ಟಣ ಕಳಿಸಲು 1945ರಲ್ಲಿ ಹುಟ್ಟಿದ ಕೇರ್ ಸಂಸ್ಥೆ ನಮ್ಮ ಶಾಲೆಗಳಿಗೆ ಗೋಧಿ ರವೆ, ಹಾಲಿನ ಪುಡಿ ತಂದಿತು. ನನ್ನ ತಂದೆಯ ಓರಗೆಯವರು "ಕೇರ್ ಉಪ್ಪಿಟ್ಟು" ಎಂದರೆ ಇಂದಿಗೂ ಕಣ್ಣರಳಿಸುತ್ತಾರೆ. ಅದರಲ್ಲಿ ಈರುಳ್ಳಿಯೂ ಇರುತ್ತಿರಲಿಲ್ಲವಂತೆ, ಆದರೂ ಆ ರುಚಿ ಮತ್ತೆ ಸಿಕ್ಕಿಲ್ಲವಂತೆ. ಕೊಟ್ಟವರಿಗೆ ಅದರಲ್ಲಿ ರಾಜಕೀಯ ಲೆಕ್ಕ ಇತ್ತು, ಕಮ್ಯುನಿಸಂ ಹರಡದಂತೆ ತಡೆಯುವ ಲೆಕ್ಕ. ತಿಂದ ಮಗುವಿಗೆ ಇದ್ದದ್ದು ಹಸಿವು.

ಆ ಕಮ್ಯುನಿಸಂ ಭಯದ ಬಗ್ಗೆ ಎರಡು ಮಾತು. 1950ರ ಫೆಬ್ರುವರಿಯಲ್ಲಿ ಜೋಸೆಫ್ ಮೆಕಾರ್ಥಿ ಎಂಬ ಸೆನೆಟರ್ ಒಂದು ಭಾಷಣದಲ್ಲಿ, ವಿದೇಶಾಂಗ ಇಲಾಖೆಯಲ್ಲಿರುವ ಕಮ್ಯುನಿಸ್ಟರ ಪಟ್ಟಿ ನನ್ನ ಕೈಯಲ್ಲಿದೆ ಎಂದ. ಪಟ್ಟಿಯ ಸಂಖ್ಯೆ ಭಾಷಣದಿಂದ ಭಾಷಣಕ್ಕೆ ಬದಲಾಗುತ್ತಿತ್ತು, ಆದರೂ ನಾಲ್ಕು ವರ್ಷ ದೇಶ ನಡುಗಿತು. ಮೇಷ್ಟ್ರುಗಳು, ಸಿನಿಮಾ ಬರಹಗಾರರು, ಗುಮಾಸ್ತರು ಕೆಲಸ ಕಳೆದುಕೊಂಡರು. ನಮ್ಮೆಲ್ಲರನ್ನೂ ನಗಿಸಿದ ಚಾರ್ಲಿ ಚಾಪ್ಲಿನ್ 1952ರಲ್ಲಿ ಲಂಡನ್ನಿಗೆ ಹಡಗು ಹತ್ತಿದ ಮೇಲೆ, ವಾಪಸು ಬರುವ ಅವರ ಪರವಾನಗಿ ರದ್ದು ಮಾಡಿದರು. ಅವರು ಸ್ವಿಟ್ಜರ್ಲೆಂಡಿನಲ್ಲಿ ಮನೆ ಮಾಡಿದರು. ಮತ್ತೆ ಅಮೆರಿಕಕ್ಕೆ ಹೋದದ್ದು ಇಪ್ಪತ್ತು ವರ್ಷದ ಮೇಲೆ. ಅಣುಬಾಂಬು ಮಾಡಿಕೊಟ್ಟ ಓಪನ್‌ಹೈಮರ್ ಅವರನ್ನೇ 1954ರಲ್ಲಿ ನಂಬಿಕೆಗೆ ಅರ್ಹರಲ್ಲ ಎಂದು ಹೊರಗಿಟ್ಟರು. ಅದೇ ವರ್ಷ ಮೆಕಾರ್ಥಿ ಸೇನೆಯ ಮೇಲೆಯೇ ಬಿದ್ದ. ವಿಚಾರಣೆ ಟಿವಿಯಲ್ಲಿ ನೇರವಾಗಿ ಬಂತು. ಜನ ಆ ಮನುಷ್ಯನ ಒರಟುತನವನ್ನು ಕಣ್ಣಾರೆ ಕಂಡರು. ಡಿಸೆಂಬರ್‌ನಲ್ಲಿ ಸೆನೆಟ್ 67ಕ್ಕೆ 22 ಮತಗಳಿಂದ ಖಂಡಿಸಿತು. ಅಲ್ಲಿಗೆ ಅವನ ಆಟ ಮುಗಿಯಿತು.

ಹಾಗೆಂದು ಭಯ ಒಂದನ್ನೇ ಹೇಳಿ ಬಿಟ್ಟರೆ ಅನ್ಯಾಯ. 1952ರಲ್ಲಿ ಆ ದೇಶದಲ್ಲಿ ಸುಮಾರು 58,000 ಜನರಿಗೆ ಪೋಲಿಯೊ ತಗುಲಿತ್ತು. ಜನ ಹತ್ತು ಸೆಂಟಿನ ನಾಣ್ಯ ಸೇರಿಸಿ ಸೇರಿಸಿ ಸಂಶೋಧನೆಗೆ ಹಣ ಕೂಡಿಸಿದರು. ಹದಿನೆಂಟು ಲಕ್ಷ ಶಾಲಾ ಮಕ್ಕಳು ಪ್ರಯೋಗದಲ್ಲಿ ಪಾಲ್ಗೊಂಡರು. 1955ರ ಏಪ್ರಿಲ್ 12ರಂದು ಜೋನಾಸ್ ಸಾಲ್ಕ್ ಅವರ ಲಸಿಕೆ ಕೆಲಸ ಮಾಡುತ್ತದೆ ಎಂದು ಪ್ರಕಟವಾದಾಗ ಚರ್ಚುಗಳಲ್ಲಿ ಗಂಟೆ ಬಾರಿಸಿದರು. ಆ ಲಸಿಕೆಗೆ ಪೇಟೆಂಟ್ ಇರಲಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ವಿಷಯ. ಲೆವಿಟ್‌ಟೌನ್ ಬಗ್ಗೆ ಹೇಳಿದೆನಲ್ಲ, ಅಲ್ಲಿನ ಮೊದಲ ಬಾಡಿಗೆ ಕರಾರಿನಲ್ಲಿ ಒಂದು ಷರತ್ತು ಇತ್ತು: ಬಿಳಿಯರಲ್ಲದವರು ಇಲ್ಲಿ ವಾಸಿಸಕೂಡದು, ಮನೆಗೆಲಸದವರ ಹೊರತು. ಸಾಲಕ್ಕೆ ಜಾಮೀನು ನಿಂತ ಸರ್ಕಾರಕ್ಕೂ ಅದೇ ಬೇಕಿತ್ತು. ಕಪ್ಪು ಜನ ಇರುವ ಕಡೆ ಆಸ್ತಿ ಬೆಲೆ ಬೀಳುತ್ತದೆ ಎಂದು ಅದರ ಅಧಿಕಾರಿಗಳ ಕೈಪಿಡಿಯೇ ಹೇಳುತ್ತಿತ್ತು. ಜಿಐ ಬಿಲ್ ಕಾಗದದ ಮೇಲೆ ಎಲ್ಲರಿಗೂ ಒಂದೇ. ಆದರೆ ಅದನ್ನು ಹಂಚುವ ಕೆಲಸ ಸ್ಥಳೀಯ ಬ್ಯಾಂಕುಗಳದ್ದು, ಸ್ಥಳೀಯ ಕಚೇರಿಗಳದ್ದು. 1947ರಲ್ಲಿ ಮಿಸಿಸಿಪ್ಪಿ ರಾಜ್ಯದ 13 ಪಟ್ಟಣಗಳಲ್ಲಿ ಆ ಯೋಜನೆಯಡಿ ಜಾಮೀನು ಸಿಕ್ಕ ಸಾಲಗಳು 3,229. ಅದರಲ್ಲಿ ಕಪ್ಪು ಸೈನಿಕರಿಗೆ ಸಿಕ್ಕದ್ದು 2. ಎರಡು ಸಾವಿರವಲ್ಲ, ಎರಡು. ನಮ್ಮನ್ನೂ ಅವರು ಬೇರೆಯಾಗಿ ನೋಡಿರಲಿಲ್ಲ ಬಿಡಿ. 1946ರ ಕಾನೂನಿನಂತೆ ಭಾರತದಿಂದ ಅಲ್ಲಿಗೆ ನೆಲೆಸಲು ಹೋಗಬಹುದಾಗಿದ್ದವರು ವರ್ಷಕ್ಕೆ ನೂರು ಜನ. ಆ ಲೆಕ್ಕ ಬದಲಾದದ್ದು 1965ರ ಕಾನೂನಿನಿಂದ.

ರಿಚ್ಮಂಡ್‌ನಲ್ಲಿದ್ದಾಗ ಒಂದು ಶನಿವಾರ ಸಹೋದ್ಯೋಗಿಯೊಬ್ಬರು ನನ್ನನ್ನು ಫಾರ್ಮ್‌ವಿಲ್ ಎಂಬ ಸಣ್ಣ ಊರಿಗೆ ಕರೆದುಕೊಂಡು ಹೋದರು. ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಮುಖ್ಯ ಊರು ಅದು. ಕೌಂಟಿ ಎಂದರೆ ನಮ್ಮ ತಾಲ್ಲೂಕಿನಂತೆ ಎಂದಿಟ್ಟುಕೊಳ್ಳಿ. ಅಲ್ಲೊಂದು ಹಳೆಯ ಹೈಸ್ಕೂಲು ಕಟ್ಟಡ ಇದೆ, ಈಗ ವಸ್ತುಸಂಗ್ರಹಾಲಯ. ಮೋಟನ್ ಹೈಸ್ಕೂಲು. ಕಪ್ಪು ಮಕ್ಕಳಿಗಾಗಿ 1939ರಲ್ಲಿ ಕಟ್ಟಿದ್ದು, 180 ಮಕ್ಕಳಿಗೆ. 1951ರ ಹೊತ್ತಿಗೆ ಅದರಲ್ಲಿ 450ಕ್ಕೂ ಹೆಚ್ಚು ಮಕ್ಕಳಿದ್ದರು. ಹೊಸ ಕಟ್ಟಡ ಕೇಳಿದರೆ ಶಾಲಾ ಮಂಡಳಿ ಟಾರು ಕಾಗದ ಹೊದಿಸಿದ ಶೆಡ್ಡುಗಳನ್ನು ಹಾಕಿ ಕೊಟ್ಟಿತು. ಒಳಗೆ ಒಂದು ಒಲೆ. ಒಲೆ ಪಕ್ಕ ಕೂತವರು ಬೆವರುವುದು, ದೂರ ಕೂತವರು ನಡುಗುವುದು. ಮಳೆ ಬಂದರೆ ಒಳಗೇ ಕೊಡೆ. ಬಸ್ಸು ಕೂಡ ಬಿಳಿಯರ ಶಾಲೆ ಬಿಟ್ಟ ಹಳೆಯ ಬಸ್ಸು.

ಬಾರ್ಬರಾ ಜಾನ್ಸ್ ಎಂಬ ಹದಿನಾರು ವರ್ಷದ ಹುಡುಗಿ ಒಂದು ಬೆಳಿಗ್ಗೆ ಬಸ್ಸು ತಪ್ಪಿಸಿಕೊಂಡು ರಸ್ತೆ ಬದಿ ನಿಂತಿದ್ದಳು. ಬಿಳಿ ಮಕ್ಕಳ ಬಸ್ಸು, ಅರ್ಧ ಖಾಲಿ, ಅವಳ ಮುಂದೆಯೇ ಹಾದು ಹೋಯಿತು. ಅವಳು ಕೆಲವು ಗೆಳೆಯರನ್ನು ಸೇರಿಸಿ ತಿಂಗಳುಗಟ್ಟಲೆ ಗುಟ್ಟಾಗಿ ಯೋಜನೆ ಮಾಡಿದಳು. 1951ರ ಏಪ್ರಿಲ್ 23ರಂದು, ಊರಲ್ಲಿ ನಿಮ್ಮ ವಿದ್ಯಾರ್ಥಿಗಳು ಗಲಾಟೆಗೆ ಸಿಕ್ಕಿಕೊಂಡಿದ್ದಾರೆ ಎಂದು ಫೋನ್ ಮಾಡಿಸಿ ಪ್ರಿನ್ಸಿಪಾಲರನ್ನು ಹೊರಗೆ ಕಳಿಸಿದರು. ಅವರ ಹೆಸರಿನಲ್ಲಿ ಚೀಟಿ ಬರೆದು ಎಲ್ಲ ತರಗತಿಗಳನ್ನು ಸಭಾಂಗಣಕ್ಕೆ ಕರೆಸಿದರು. ಪರದೆ ಸರಿದಾಗ ವೇದಿಕೆ ಮೇಲೆ ನಿಂತಿದ್ದವಳು ಬಾರ್ಬರಾ. ಮೇಷ್ಟ್ರುಗಳನ್ನು ದಯವಿಟ್ಟು ಹೊರಗೆ ಹೋಗಿ ಎಂದು ಕೇಳಿಕೊಂಡು, ಮಕ್ಕಳಿಗೆ ವಿಷಯ ಹೇಳಿದಳು. ಇಡೀ ಶಾಲೆ ಎದ್ದು ಹೊರಗೆ ನಡೆಯಿತು. (ಮುಂದೆ ಕೂತಿರುವ ಮಕ್ಕಳು ನಗುತ್ತಿದ್ದೀರಿ. ಮುಖ್ಯೋಪಾಧ್ಯಾಯರ ಸಹಿ ಅನುಕರಿಸುವ ಭಾಗವನ್ನು ಇಲ್ಲಿಗೇ ಮರೆತುಬಿಡಿ.)

ಎರಡು ವಾರ ಮುಷ್ಕರ ನಡೆಯಿತು. ಮಕ್ಕಳು ಕೇಳಿದ್ದು ಒಳ್ಳೆಯ ಕಟ್ಟಡ. ರಿಚ್ಮಂಡ್‌ನಿಂದ ಬಂದ ಇಬ್ಬರು ವಕೀಲರು, ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್‌ಸನ್, ಬರೀ ಕಟ್ಟಡಕ್ಕಾಗಿ ಆದರೆ ನಾವು ಬರುವುದಿಲ್ಲ, ಒಂದೇ ಶಾಲೆಯಲ್ಲಿ ಎಲ್ಲರೂ ಕೂರಬೇಕು ಎಂದು ಕೇಳುವುದಾದರೆ ಮೊಕದ್ದಮೆ ಹೂಡುತ್ತೇವೆ ಎಂದರು. ತಂದೆ ತಾಯಂದಿರು ಹೆದರುತ್ತಲೇ ಒಪ್ಪಿದರು. ಈ ಮೊಕದ್ದಮೆ ಇನ್ನೂ ನಾಲ್ಕರ ಜೊತೆ ಸೇರಿ ಸುಪ್ರೀಂ ಕೋರ್ಟಿಗೆ ಹೋಯಿತು. 1954ರ ಮೇ 17ರಂದು ಒಂಬತ್ತು ನ್ಯಾಯಾಧೀಶರೂ ಒಂದೇ ಮಾತಾಗಿ, ಬಣ್ಣದ ಮೇಲೆ ಸರ್ಕಾರಿ ಶಾಲೆಗಳನ್ನು ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟರು. ಬ್ರೌನ್ ತೀರ್ಪು ಎಂದು ಜಗತ್ತಿಗೆ ಗೊತ್ತಿರುವುದು ಇದೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತ್ಯ ಆಗುತ್ತಿತ್ತು. ಪ್ರಿನ್ಸ್ ಎಡ್ವರ್ಡ್ ಕೌಂಟಿ ಐದು ವರ್ಷ ಎಳೆದಾಡಿತು. 1959ರಲ್ಲಿ, ಇನ್ನು ಒಟ್ಟಿಗೆ ಕೂರಿಸಲೇಬೇಕು ಎಂದು ಕೋರ್ಟು ಹೇಳಿದಾಗ, ಶಾಲೆಗಳಿಗೆ ಒಂದು ಪೈಸೆ ಕೊಡುವುದಿಲ್ಲ ಎಂದು ತೀರ್ಮಾನಿಸಿತು. ಆ ಕೌಂಟಿಯ ಎಲ್ಲ ಸರ್ಕಾರಿ ಶಾಲೆಗಳಿಗೆ ಬೀಗ ಬಿತ್ತು. ಬಿಳಿ ಮಕ್ಕಳಿಗೆ ಖಾಸಗಿ ಅಕಾಡೆಮಿ ತೆರೆದರು. ಫೀಸಿಗೆ ಸರ್ಕಾರದ ಹಣವೇ ಸಹಾಯಧನವಾಗಿ ಬಂತು. ಕಪ್ಪು ಮಕ್ಕಳು ಸುಮಾರು 1,700. ಕೆಲವರನ್ನು ಬೇರೆ ಊರಿನ ನೆಂಟರ ಮನೆಗೆ ಕಳಿಸಿದರು. ಉಳಿದವರು ತಂಬಾಕು ಹೊಲಕ್ಕೆ ಹೋದರು. ಐದು ವರ್ಷ. ಆರು ವರ್ಷದ ಮಗು ಹನ್ನೊಂದಾಯಿತು, ಅಕ್ಷರ ಬರಲಿಲ್ಲ. 1964ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇಳಬೇಕಾಯಿತು.

ಆ ಸಂಗ್ರಹಾಲಯದಲ್ಲಿ ನಿಂತಾಗ ನನಗೆ ನೆನಪಾದದ್ದು ನನ್ನ ದೊಡ್ಡಮ್ಮ. ನಮ್ಮ ಈ ಹೈಸ್ಕೂಲು ಬರುವ ಮುಂಚೆ ಏಳನೇ ಕ್ಲಾಸು ಮುಗಿಸಿದವರು ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಿತ್ತು. ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಿದ್ದರು? ದೊಡ್ಡಮ್ಮ ಅಲ್ಲಿಗೇ ನಿಂತರು. ಮೂರು ವರ್ಷ ಚಿಕ್ಕವರಾದ ನನ್ನ ತಾಯಿ ಹೈಸ್ಕೂಲು ಓದಿ ಟೀಚರ್ ಆದರು, ಏಕೆಂದರೆ ಅಷ್ಟರಲ್ಲಿ ಈ ಹೆಂಚಿನ ಕಟ್ಟಡ ಎದ್ದಿತ್ತು. ಒಂದೇ ಮನೆ, ಒಂದೇ ಊಟ, ನಡುವೆ ಒಂದು ಶಾಲೆ. ಪ್ರತ್ಯೇಕ ಲೋಟ, ಪ್ರತ್ಯೇಕ ಬಾವಿ ಎಂದರೆ ಏನೆಂದು ಕೂಡ ನಮ್ಮ ಹಿರಿಯರಿಗೆ ನಾನು ವರ್ಜಿನಿಯಾದಿಂದ ತಂದು ವಿವರಿಸಬೇಕಿಲ್ಲ. ಈ ಜಮಖಾನದ ಮೇಲೆ ಎಲ್ಲ ಕೇರಿಯ ಮಕ್ಕಳೂ ಒಟ್ಟಿಗೆ ಕೂತದ್ದಕ್ಕೆ ಐವತ್ತು ವರ್ಷವಷ್ಟೇ.

ಮುಷ್ಕರದ ನಂತರ ಬೆದರಿಕೆ ಬಂದದ್ದರಿಂದ ಬಾರ್ಬರಾಳನ್ನು ಅಲಬಾಮಾ ರಾಜ್ಯದ ಮಾಂಟ್‌ಗೊಮರಿಗೆ, ತಂದೆಯ ಸೋದರ ವರ್ನನ್ ಜಾನ್ಸ್ ಮನೆಗೆ ಕಳಿಸಿದರು. ಅವರು ಅಲ್ಲಿನ ಚರ್ಚಿನ ಪಾದ್ರಿ. ಅವರ ನಂತರ ಅದೇ ಚರ್ಚಿಗೆ ಬಂದ ಯುವ ಪಾದ್ರಿಯೇ ಮಾರ್ಟಿನ್ ಲೂಥರ್ ಕಿಂಗ್. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲಿಲ್ಲ. ಆ ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದರು, ಗೆದ್ದರು. ಮುಂದಾಳು ಕಿಂಗ್‌ಗೆ ಆಗ ಇಪ್ಪತ್ತಾರು ವರ್ಷ. 1959ರಲ್ಲಿ ಅವರು ಗಾಂಧಿಯ ನಾಡು ನೋಡಲು ಬಂದು ಒಂದು ತಿಂಗಳು ಸುತ್ತಿದರು. ತಿರುವನಂತಪುರದಲ್ಲಿ ಒಂದು ಶಾಲೆಗೆ ಹೋದಾಗ, ಅಲ್ಲಿ ಓದುತ್ತಿದ್ದವರು ಅಸ್ಪೃಶ್ಯರೆನಿಸಿಕೊಂಡ ಮನೆಗಳ ಮಕ್ಕಳು, ಮುಖ್ಯೋಪಾಧ್ಯಾಯರು ಅವರನ್ನು "ಅಮೆರಿಕದಿಂದ ಬಂದ ನಮ್ಮಂಥದೇ ಅಸ್ಪೃಶ್ಯರು" ಎಂದು ಪರಿಚಯಿಸಿದರಂತೆ. ಮೊದಲು ತಮಗೆ ಇರುಸುಮುರುಸಾಯಿತು, ಆಮೇಲೆ ಯೋಚಿಸಿದಾಗ ಹೌದು, ನಾನು ಅಸ್ಪೃಶ್ಯನೇ ಎನಿಸಿತು ಎಂದು ಕಿಂಗ್ 1965ರಲ್ಲಿ ತಮ್ಮ ಚರ್ಚಿನ ಜನರಿಗೆ ಹೇಳಿದರು. ಅಲ್ಲಿಯವರೆಗೆ ಪ್ರಧಾನಿಯ ಮನೆಯಲ್ಲಿ ಊಟ ಮಾಡಿ ಬಂದಿದ್ದ ಅತಿಥಿಗೆ ಆ ಮಾತು ಹೇಳಿಕೊಟ್ಟದ್ದು ಒಬ್ಬ ಶಾಲೆ ಮೇಷ್ಟ್ರು.

ಬಾರ್ಬರಾ ಮುಂದೆ ಶಾಲೆಯೊಂದರಲ್ಲಿ ಗ್ರಂಥಪಾಲಕಿಯಾಗಿ ಕೆಲಸ ಮಾಡಿ 1991ರಲ್ಲಿ ತೀರಿಕೊಂಡರು. ಅಮೆರಿಕದ ಸಂಸತ್ ಭವನದಲ್ಲಿ ಪ್ರತಿ ರಾಜ್ಯವೂ ತನ್ನ ಇಬ್ಬರ ಪ್ರತಿಮೆ ಇಡಬಹುದು. ವರ್ಜಿನಿಯಾದ ಎರಡರಲ್ಲಿ ಒಂದು ಗುಲಾಮಗಿರಿಯ ಪರ ಹೋರಾಡಿದ ರಾಜ್ಯಗಳ ಸೇನಾಪತಿ ಲೀ ಪ್ರತಿಮೆಯಾಗಿತ್ತು. 2020ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದರು; ಆ ಜಾಗಕ್ಕೆ ಆಯ್ಕೆಯಾದದ್ದು ಈ ಹೈಸ್ಕೂಲು ಹುಡುಗಿ.

ಬೀಗ ಬಿದ್ದ ಐದು ವರ್ಷದಲ್ಲಿ ಓದು ತಪ್ಪಿದವರಿಗೆ 2004ರಲ್ಲಿ ವರ್ಜಿನಿಯಾ ಶಾಸನಸಭೆ ವಿದ್ಯಾರ್ಥಿವೇತನ ಮಂಜೂರು ಮಾಡಿತು. ಆಗ ಅವರಿಗೆಲ್ಲ ಐವತ್ತು, ಅರವತ್ತು ವಯಸ್ಸು. ಕೆಲವರು ಮೊಮ್ಮಕ್ಕಳಿದ್ದ ಮನೆಯಿಂದ ಚೀಲ ಹಿಡಿದು ಮತ್ತೆ ತರಗತಿಗೆ ಹೋದರು.

ಸಮಿತಿಯವರು ಗಡಿಯಾರ ತೋರಿಸುತ್ತಿದ್ದಾರೆ. ಊಟಕ್ಕೆ ಮುಂಚೆ ಹತ್ತು ನಿಮಿಷ ಪ್ರಶ್ನೆಗಳಿಗೆ ಇದೆಯಂತೆ. ಮಕ್ಕಳು ಮೊದಲು ಕೇಳಲಿ.